ಉಕ್ಕನ್ನು ಎಣಿಸಿದ ಹಾಗೆ ರೇಷ್ಮೆಯನ್ನೂ ಎಣಿಸಿ: ಕೇಂದ್ರ ಸರ್ಕಾರಕ್ಕೆ ಶಿಡ್ಲಘಟ್ಟದಿಂದ ಒಂದು ಬಹಿರಂಗ ಪತ್ರ

ಕೇಂದ್ರ ವಾಣಿಜ್ಯ ಸಚಿವರಿಗೆ, ಜವಳಿ ಸಚಿವರಿಗೆ, ಮತ್ತು ದೇಶದ ಆಮದು-ರಫ್ತಿನ ಅಂಕಿಅಂಶ ಕೂಡಿಸಿ ಕೊಡುವ ಕೋಲ್ಕತ್ತದ ಡಿಜಿಸಿಐಎಸ್ ಕಚೇರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ಶಿಡ್ಲಘಟ್ಟದವನು. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಈಗ ಗೂಡು ಕೊಂಡು ನೂಲು ತೆಗೆಯುವ ಊರಿನ ಕೆಲವು ರೀಲರ್‌ಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅದರ ಜೊತೆಗೆ ನಿಮ್ಮ ಕಚೇರಿ ತಿಂಗಳು ತಿಂಗಳು ಹೊರಡಿಸುವ ಅಂಕಿಅಂಶವನ್ನೂ ಓದುತ್ತೇನೆ. ಹೊಟ್ಟೆಪಾಡಿಗಾಗಿಯೇ ಓದುತ್ತೇನೆ. ಚೀನಾದಿಂದ ಎಷ್ಟು ಕಚ್ಚಾ ರೇಷ್ಮೆ ಬಂತು, ಯಾವ ಬೆಲೆಗೆ ಬಂತು ಎನ್ನುವುದರ ಮೇಲೆ ನಮ್ಮ ಊರಿನ ನೂಲಿನ ರೇಟು ನಿಂತಿದೆ. ನೂಲಿನ ರೇಟಿನ ಮೇಲೆ ಗೂಡಿನ ರೇಟು ನಿಂತಿದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ದೇಶಕ್ಕೆ ಬರುವ ಉಕ್ಕನ್ನು ನೀವು ಹೇಗೆ ಎಣಿಸುತ್ತೀರೋ, ಕಚ್ಚಾ ರೇಷ್ಮೆಯನ್ನೂ ಹಾಗೇ ಎಣಿಸಿ. ಎಣಿಸಿದ್ದನ್ನು ನಮಗೆ ಅರ್ಥವಾಗುವ ಹಾಗೆ, ಹೊತ್ತಿಗೆ ಸರಿಯಾಗಿ ತೋರಿಸಿ.

ಉಕ್ಕಿನ ಎಣಿಕೆ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತು. ಈ ಪತ್ರ ಓದುವ ನಮ್ಮ ಕಡೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. 2019ರ ನವೆಂಬರ್‌ನಿಂದ ಉಕ್ಕಿನ ಆಮದಿನ ಮೇಲೆ ಕಣ್ಣಿಡುವ ವ್ಯವಸ್ಥೆಯೊಂದು ಇದೆ. ಸಿಮ್ಸ್ ಎಂದು ಕರೆಯುತ್ತಾರೆ. ಹೊರದೇಶದಿಂದ ಉಕ್ಕು ತರಿಸುವವರು ಸರಕು ಬಂದು ಸೇರುವ ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಬೇಕು. ಯಾವ ಬಗೆಯ ಉಕ್ಕು, ಯಾವ ದೇಶದ್ದು, ಎಷ್ಟು ತೂಕ, ಎಷ್ಟು ಬೆಲೆ, ಎಲ್ಲ ಬರೆಯಬೇಕು. ಅಲ್ಲಿ ಸಿಗುವ ನಂಬರನ್ನು ಬಂದರಿನಲ್ಲಿ ಕಸ್ಟಮ್ಸ್‌ಗೆ ತೋರಿಸಬೇಕು. ಅಂದರೆ ಹಡಗು ಇನ್ನೂ ಸಮುದ್ರದಲ್ಲಿ ಇರುವಾಗಲೇ ಅದರಲ್ಲಿ ಏನಿದೆ ಎಂದು ದೆಹಲಿಗೆ ಗೊತ್ತಾಗುತ್ತದೆ. ಆಮೇಲೆ ತಾಮ್ರ, ಅಲ್ಯೂಮಿನಿಯಂ, ಕಲ್ಲಿದ್ದಲು, ಕಾಗದ, ಕಂಪ್ಯೂಟರ್ ಚಿಪ್ಪುಗಳಿಗೂ ಇಂಥದ್ದೇ ವ್ಯವಸ್ಥೆ ಬಂತು.

ಇದರಿಂದ ಉಪಯೋಗ ಆಗಿದೆ. 2023-24ರಲ್ಲಿ ಭಾರತ ಸಿದ್ಧ ಉಕ್ಕನ್ನು ರಫ್ತು ಮಾಡಿದ್ದಕ್ಕಿಂತ ಜಾಸ್ತಿ ಆಮದು ಮಾಡಿಕೊಂಡಿತು. ಆಮದು ಸುಮಾರು 83 ಲಕ್ಷ ಟನ್, ರಫ್ತು ಸುಮಾರು 75 ಲಕ್ಷ ಟನ್. ಕಾರ್ಖಾನೆಗಳವರು ಈ ಅಂಕಿ ಹಿಡಿದುಕೊಂಡು ಸರ್ಕಾರದ ಮುಂದೆ ಹೋದರು. ತನಿಖೆ ನಡೆಯಿತು. 2025ರ ಏಪ್ರಿಲ್ 21ರಂದು ಕೆಲವು ಬಗೆಯ ಉಕ್ಕಿನ ಹಾಳೆ ಮತ್ತು ತಗಡಿನ ಮೇಲೆ 200 ದಿನಗಳಿಗೆ 12% ತಾತ್ಕಾಲಿಕ ರಕ್ಷಣಾ ಸುಂಕ ಬಂತು. ಬಳ್ಳಾರಿ ಕಡೆಯ ಉಕ್ಕಿನ ಕೆಲಸಗಾರರಿಗೂ ಅದರಿಂದ ಒಳ್ಳೆಯದೇ. ಅದಕ್ಕೆ ನನ್ನ ತಕರಾರಿಲ್ಲ. ಅಂಕಿ ಸಕಾಲಕ್ಕೆ ಕೈಗೆ ಸಿಕ್ಕಿದರೆ ಏನು ಮಾಡಬಹುದು ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಈಗ ರೇಷ್ಮೆಗೆ ಬರೋಣ.

2011ರ ಫೆಬ್ರವರಿ 28ರ ಬಜೆಟ್ ನಮ್ಮ ಕಡೆ ಯಾರೂ ಮರೆತಿಲ್ಲ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಒಂದೇ ಏಟಿಗೆ 30%ರಿಂದ 5%ಕ್ಕೆ ಇಳಿಸಿದರು. ರಾಮನಗರ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ರೈತರು ರಸ್ತೆಗೆ ಇಳಿದರು. ಎಷ್ಟೋ ಜನ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದರು. 2013ರಲ್ಲಿ ಸುಂಕ 15%ಕ್ಕೆ ಏರಿತು. ನಡುವೆ 10%ಕ್ಕೆ ಇಳಿಯಿತು. 2021ರ ಬಜೆಟ್‌ನಲ್ಲಿ ಮತ್ತೆ 15% ಆಯಿತು. ಪ್ರತಿ ಸಲ ಸುಂಕ ಏರಿಸುವಾಗಲೂ ಇಳಿಸುವಾಗಲೂ ಯಾರೋ ಒಬ್ಬರು ಆಮದಿನ ಅಂಕಿ ನೋಡಿಯೇ ತೀರ್ಮಾನ ಮಾಡಿರುತ್ತಾರೆ. ಆ ಅಂಕಿ ನಮ್ಮ ಕೈಗೆ ಬರುವುದು ತೀರ್ಮಾನ ಆದಮೇಲೆ.

ಹುಳು ಸಾಕುವವರಿಗೆ ಕಾಯಲು ಆಗುವುದಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟುವ ಬಿದಿರಿನ ತಟ್ಟೆಗೆ) ಬಿಟ್ಟಮೇಲೆ ಕೆಲವೇ ದಿನದಲ್ಲಿ ಗೂಡು ಬಿಡಿಸಿ ಮಾರುಕಟ್ಟೆಗೆ ತರಬೇಕು. ತಡ ಮಾಡಿದರೆ ಗೂಡಿನ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ, ಆ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಹಾಗಾಗಿ ಅವತ್ತಿನ ಹರಾಜಿನಲ್ಲಿ ಎಷ್ಟು ಕೂಗುತ್ತಾರೋ ಅಷ್ಟಕ್ಕೆ ಕೊಟ್ಟು ಹೋಗಬೇಕು. ರೀಲರ್ ಕಥೆಯೂ ಬೇರೆಯಲ್ಲ. ಇವತ್ತು ಗೂಡು ಕೊಂಡವನು ನಾಳೆ, ನಾಡಿದ್ದು ನೂಲು ತೆಗೆದು ಮಾರಿ, ಆ ದುಡ್ಡಿನಲ್ಲೇ ಮತ್ತೆ ಗೂಡು ಕೊಳ್ಳಬೇಕು. ಇಂಥವರಿಗೆ ಹಲವು ವಾರ ಹಿಂದಿನ ಆಮದಿನ ಅಂಕಿ ಯಾವ ಉಪಯೋಗಕ್ಕೆ ಬರುತ್ತದೆ?

ಪ್ರತಿ ತಿಂಗಳು 15ರ ಸುಮಾರಿಗೆ ವಾಣಿಜ್ಯ ಸಚಿವಾಲಯ ಹಿಂದಿನ ತಿಂಗಳ ಒಟ್ಟು ಲೆಕ್ಕ ಹೊರಡಿಸುತ್ತದೆ. ಪೆಟ್ರೋಲಿಯಂ ಎಷ್ಟು, ಚಿನ್ನ ಎಷ್ಟು, ಸಿದ್ಧ ಉಡುಪು ಎಷ್ಟು, ಎಂಜಿನಿಯರಿಂಗ್ ಸರಕು ಎಷ್ಟು ಎಂದು ದೊಡ್ಡ ದೊಡ್ಡ ಬಾಬ್ತುಗಳು ಮಾತ್ರ ಅದರಲ್ಲಿ ಸಿಗುತ್ತವೆ. ರೇಷ್ಮೆಯ ಸಾಲು ನೋಡಬೇಕೆಂದರೆ ವಿವರವಾದ ಅಂಕಿ ಬರುವ ತನಕ ಕಾಯಬೇಕು. ಬಂದಮೇಲೆ ವೆಬ್‌ಸೈಟ್ ತೆರೆದು 8 ಅಂಕಿಯ ಕೋಡ್ ಹಾಕಬೇಕು. ರೇಷ್ಮೆಗೆ 50ನೇ ಅಧ್ಯಾಯ. ಅದರೊಳಗೆ 5001 ಎಂದರೆ ಗೂಡು, 5002 ಎಂದರೆ ಕಚ್ಚಾ ರೇಷ್ಮೆ, 5003 ಎಂದರೆ ರೇಷ್ಮೆ ತ್ಯಾಜ್ಯ, 5007 ಎಂದರೆ ನೇಯ್ದ ಬಟ್ಟೆ. ಮೊದಲ 6 ಅಂಕಿ ಬಹುತೇಕ ಇಡೀ ಪ್ರಪಂಚಕ್ಕೆ ಒಂದೇ. ಕೊನೆಯ 2 ಅಂಕಿ ನಾವು, ಅಂದರೆ ಭಾರತ, ನಮ್ಮ ಅನುಕೂಲಕ್ಕೆ ಸೇರಿಸಿಕೊಂಡದ್ದು.

ಆ ಕೊನೆಯ 2 ಅಂಕಿಯ ಬಗ್ಗೆಯೇ ನನಗೆ ತುಂಬ ಹೇಳುವುದಿದೆ.

ನೀವು ಕೋಡ್‌ನಲ್ಲಿ ಹಿಪ್ಪುನೇರಳೆ ರೇಷ್ಮೆ, ಡುಪಿಯಾನ್ (ಎರಡು ಹುಳು ಸೇರಿ ಕಟ್ಟಿದ ಗೂಡಿನ ರೇಷ್ಮೆ), ಹಿಪ್ಪುನೇರಳೆಯದಲ್ಲದ ರೇಷ್ಮೆ ಎಂದು ವಿಂಗಡಿಸಿದ್ದೀರಿ. ಒಳ್ಳೆಯದು. ಆದರೆ ವ್ಯಾಪಾರ ನಡೆಯುವುದು ದರ್ಜೆಯ ಮೇಲೆ. 2ಎ, 3ಎ, 4ಎ ಎಂದು ಚೀನಾದ ನೂಲಿಗೆ ದರ್ಜೆ ಇದೆ, ಅಂಕಿ ಹೆಚ್ಚಿದಷ್ಟೂ ದರ್ಜೆ ಮೇಲು. ಹಾಸಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ, ಹಾಕುವ ನೂಲಿನ ಎಳೆ ಸಮ ಇರಬೇಕು, ಕಡಿಯಬಾರದು. ಅದಕ್ಕೆ ಮೇಲಿನ ದರ್ಜೆ ಬೇಕು. ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ನಮ್ಮ ಮಿಶ್ರತಳಿ ಗೂಡಿನ ನೂಲು ಸಾಕು. ಸುಮಾರು ಹತ್ತು ವರ್ಷದ ಹಿಂದೆ ಸರ್ಕಾರವೇ ಚೀನಾದ 3ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ ನೂಲಿನ ಮೇಲೆ ಕಿಲೋಗೆ 1.85 ಡಾಲರ್ ಸುರಿ-ವಿರೋಧಿ (ಆಂಟಿ-ಡಂಪಿಂಗ್) ಸುಂಕ, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಸುಂಕ, ಹಾಕಿತು. ಸುಂಕ ದರ್ಜೆ ನೋಡಿ, ಎಣಿಕೆ ಮಾತ್ರ ದರ್ಜೆ ನೋಡದೆ. ಹೀಗಾದರೆ ಸುಂಕ ಕೆಲಸ ಮಾಡಿತೋ ಇಲ್ಲವೋ ಎಂದು ಸಾಮಾನ್ಯ ಓದುಗ ಹೇಗೆ ತಿಳಿಯಬೇಕು? ಆ ಸುಂಕ ತಪ್ಪಿಸಲು 3ಎ ನೂಲನ್ನೇ 4ಎ ಎಂದು ಬರೆಸಿ ತಂದರೂ ಪ್ರಕಟವಾಗುವ ಅಂಕಿಯಲ್ಲಿ ಅದು ಕಾಣುವುದಿಲ್ಲ. ಎರಡೂ ಒಂದೇ ಸಾಲಿನಲ್ಲಿ ಹೋಗಿ ಕೂರುತ್ತವೆ. ಕೋಡ್‌ಗೆ ದರ್ಜೆ ಸೇರಿಸಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಅಡ್ಡ ಬರುವುದಿಲ್ಲ. ಕೊನೆಯ 2 ಅಂಕಿ ನಮ್ಮವೇ ಅಲ್ವಾ?

ಇನ್ನೊಂದು ಬೆರಕೆ ಇದೆ. ಬಟ್ಟೆ ನೇಯ್ದು ರಫ್ತು ಮಾಡುತ್ತೇವೆ ಎಂದು ಮುಂಗಡ ಅನುಮತಿ ಪಡೆದು ಸುಂಕವಿಲ್ಲದೆ ನೂಲು ತರಿಸುವವರು ಇದ್ದಾರೆ. ಅದು ಕಾನೂನುಬದ್ಧ. ಆ ನೂಲು ಬಟ್ಟೆಯಾಗಿ ಹೊರಗೆ ಹೋಗಬೇಕು, ನಮ್ಮ ಮಾರುಕಟ್ಟೆಗೆ ಬರಬಾರದು. ಸುಂಕ ಕಟ್ಟಿ ಬಂದ ನೂಲು ನಮ್ಮ ನೂಲಿನ ಎದುರಿಗೆ ನಿಂತು ಮಾರಾಟವಾಗುತ್ತದೆ. ಇವೆರಡೂ ಬೇರೆ ಬೇರೆ ವ್ಯವಹಾರ. ಜನರಿಗೆ ಸಿಗುವ ಪಟ್ಟಿಯಲ್ಲಿ ಎರಡೂ ಸೇರಿ ಒಂದೇ ಮೊತ್ತ. ಇಂಥ ಮೊತ್ತ ಹಿಡಿದುಕೊಂಡು ಆಮದಿನಿಂದ ಹೊಡೆತ ಬಿತ್ತು ಎಂದು ನಾವೂ ಪೂರ್ತಿ ಧೈರ್ಯದಿಂದ ಹೇಳುವ ಹಾಗಿಲ್ಲ, ಬಿದ್ದಿಲ್ಲ ಎಂದು ನೀವೂ ಹೇಳುವ ಹಾಗಿಲ್ಲ.

ಬೆಲೆಯ ಲೆಕ್ಕವೂ ಜನರ ಕಣ್ಣು ತಪ್ಪಿಸುತ್ತದೆ. ಪತ್ರಿಕೆಗಳಲ್ಲಿ ಬರುವುದು ಡಾಲರ್ ಇಲ್ಲವೇ ರೂಪಾಯಿ. 2011ರ ಜುಲೈನಲ್ಲಿ ಒಂದು ಡಾಲರ್‌ಗೆ 44-45 ರೂಪಾಯಿ ಇತ್ತು. 2013ರ ಆಗಸ್ಟ್ ಕೊನೆಗೆ 68 ದಾಟಿತು. ಆ ಎರಡು ವರ್ಷದಲ್ಲಿ ಒಂದೇ ತೂಕದ ನೂಲು ಒಂದೇ ಡಾಲರ್ ಬೆಲೆಗೆ ಬಂದಿದ್ದರೂ ರೂಪಾಯಿ ಲೆಕ್ಕದಲ್ಲಿ ಆಮದು ಅರ್ಧಕ್ಕೂ ಹೆಚ್ಚು ಏರಿದಂತೆ ಕಾಣುತ್ತಿತ್ತು. ಮಗ್ಗ ನಡೆಸುವವನಿಗೆ, ರೀಲರ್‌ಗೆ ಬೇಕಾದದ್ದು ಎರಡೇ: ಎಷ್ಟು ಕಿಲೋ ಬಂತು, ಕಿಲೋಗೆ ಎಷ್ಟು ಬಿತ್ತು. ತೂಕ ನಿಮ್ಮ ಹತ್ತಿರ ಇದೆ, ಮೌಲ್ಯವೂ ಇದೆ. ಭಾಗಿಸಿ ಮೂರನೆಯ ಕಾಲಂ ಒಂದನ್ನು ಹಾಕಿ ಕೊಟ್ಟರೆ ಸಾಕು. ಕಿಲೋ ಬೆಲೆ ಎದುರಿಗಿದ್ದರೆ ಕಡಿಮೆ ಬೆಲೆ ತೋರಿಸಿ ಸುಂಕ ಉಳಿಸುವವರೂ ಬೇಗ ಕಣ್ಣಿಗೆ ಬೀಳುತ್ತಾರೆ. 2024ರ ಮಾರ್ಚ್‌ನಲ್ಲಿ ಕೆಲವು ಬಗೆಯ ಸಿಂಥೆಟಿಕ್ ಹೆಣೆದ ಬಟ್ಟೆಗೆ ಕಿಲೋಗೆ 3.5 ಡಾಲರ್ ಕನಿಷ್ಠ ಆಮದು ಬೆಲೆ ಗೊತ್ತು ಮಾಡಿದಿರಿ. ಅಗ್ಗದ ಸರಕನ್ನು ಹಿಡಿಯಲು ಅಲ್ಲಿಯೂ ಉಪಯೋಗಕ್ಕೆ ಬಂದದ್ದು ಕಿಲೋ ಬೆಲೆಯ ಲೆಕ್ಕವೇ.

ಎಣಿಕೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎನ್ನುವುದು ಕರ್ನಾಟಕದವರಿಗೆ ಚೆನ್ನಾಗಿ ಗೊತ್ತು. ನಮಗೆ ಅದನ್ನು ಕಲಿಸಿದ್ದು ಕಬ್ಬಿಣದ ಅದಿರು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಎಷ್ಟು ಅದಿರು ಸಿಕ್ಕರೂ ಕೊಳ್ಳುತ್ತಿತ್ತು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಲಾರಿ ಸಾಲು ಮುಗಿಯುತ್ತಿರಲಿಲ್ಲ. ಗಣಿ ಇಲಾಖೆಯ ಹತ್ತಿರ ಪರ್ಮಿಟ್ ಲೆಕ್ಕ ಇತ್ತು. ರೈಲ್ವೆಯ ಹತ್ತಿರ ಸಾಗಣೆ ಲೆಕ್ಕ ಇತ್ತು. ಬಂದರಿನವರ ಹತ್ತಿರ ಹಡಗಿಗೆ ತುಂಬಿದ ಲೆಕ್ಕ ಇತ್ತು. ಕಸ್ಟಮ್ಸ್‌ನ ಹತ್ತಿರ ಶಿಪ್ಪಿಂಗ್ ಬಿಲ್, ಅಂದರೆ ರಫ್ತು ಸರಕಿನ ಘೋಷಣಾ ಪತ್ರ, ಇತ್ತು. ಎಲ್ಲರ ಹತ್ತಿರವೂ ಒಂದೊಂದು ಪುಸ್ತಕ. ಅವನ್ನು ಅಕ್ಕಪಕ್ಕ ಇಟ್ಟು ನೋಡಿದವರು ಮಾತ್ರ ಬಹಳ ದಿನ ಯಾರೂ ಇರಲಿಲ್ಲ.

ಇಟ್ಟು ನೋಡಿದ್ದು ಲೋಕಾಯುಕ್ತ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಕೊಟ್ಟ ವರದಿಯ ಪ್ರಕಾರ 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ದೇಶ ಬಿಟ್ಟು ಹೋಗಿತ್ತು. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿದ್ದರು. ಬಂದರಿನಿಂದ ಹೊರಗೆ ಹೋದದ್ದೆಷ್ಟು, ಪರ್ಮಿಟ್ ಕೊಟ್ಟದ್ದೆಷ್ಟು, ಇವೆರಡರ ನಡುವಿನ ಅಂತರವೇ ಕಳವಿನ ಅಳತೆಯಾಯಿತು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರು ಕೂಡ ಲಕ್ಷಗಟ್ಟಲೆ ಟನ್ ಕಾಣೆಯಾಯಿತು. ರಾಜ್ಯ ಸರ್ಕಾರ 2010ರಲ್ಲಿ ನಿಲ್ಲಿಸಿದ್ದ ಅದಿರು ರಫ್ತಿಗೆ ಸುಪ್ರೀಂ ಕೋರ್ಟ್ ಮತ್ತೆ ದಾರಿ ಬಿಟ್ಟದ್ದು 2022ರ ಮೇ ತಿಂಗಳಿನಲ್ಲಿ. ಕಳ್ಳತನ ಮಾಡಿದವರು ಕೆಲವರು. ಕೆಲಸ ಕಳೆದುಕೊಂಡವರಲ್ಲಿ ತಪ್ಪೇ ಮಾಡದ ಲಾರಿ ಚಾಲಕರು, ಗಣಿ ಕೂಲಿಗಳು, ಹೋಟೆಲ್ ಇಟ್ಟವರು ಎಷ್ಟೋ ಜನ. ನಾಲ್ಕು ಕಚೇರಿಯ ಅಂಕಿಗಳು ತಿಂಗಳು ತಿಂಗಳು ಒಂದೇ ಪುಟದಲ್ಲಿ ಪ್ರಕಟವಾಗುತ್ತಿದ್ದರೆ ಮೊದಲ ವರ್ಷವೇ ಯಾರಾದರೂ ಕೇಳುತ್ತಿದ್ದರು ಎಂದು ನಾನು ಈಗಲೂ ನಂಬಿದ್ದೇನೆ.

ಅದಿರಿನಲ್ಲಿ ತೂಕದ್ದೇ ಒಂದು ಸೂಕ್ಷ್ಮ ಇದೆ. ಒದ್ದೆ ಟನ್ ಬೇರೆ, ಒಣ ಟನ್ ಬೇರೆ. ಮಳೆಗಾಲದಲ್ಲಿ ತುಂಬಿದ ಅದಿರಿನಲ್ಲಿ ನೀರಿನ ತೂಕವೂ ಸೇರಿರುತ್ತದೆ. ಕೊಳ್ಳುವವನು ದುಡ್ಡು ಕೊಡುವುದು ಒಣ ಟನ್‌ಗೆ. ಯಾವ ಟನ್ ಎಂದು ಬರೆಯದ ಅಂಕಿಯಿಂದ ಗೊಂದಲವೇ ಹೆಚ್ಚು. ಹತ್ತಿಯಲ್ಲೂ ಹೀಗೇ. ನಮ್ಮ ಬೇಲು, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆ, 170 ಕಿಲೋ. ಅಮೆರಿಕದ ಲೆಕ್ಕದಲ್ಲಿ ಬೇಲು ಎಂದರೆ 480 ಪೌಂಡ್, ಸುಮಾರು 218 ಕಿಲೋ. ಎರಡು ದೇಶದ ಬೇಲುಗಳನ್ನು ಹಾಗೇ ಹೋಲಿಸಿ ಬರೆದ ಸುದ್ದಿಗಳನ್ನು ನಾನೇ ಓದಿದ್ದೇನೆ. 2025ರ ಆಗಸ್ಟ್ 19ರಿಂದ ಹತ್ತಿಯ ಆಮದು ಸುಂಕ ತೆಗೆದಾಗ ರಾಯಚೂರು, ಹಾವೇರಿ ಕಡೆಯ ಬೆಳೆಗಾರರು ಎಷ್ಟು ಹತ್ತಿ ಬರುತ್ತಿದೆ ಎಂದು ತಿಳಿಯಬೇಕಾಗಿತ್ತು. ಅವರಿಗೆ ಅದು ಕ್ವಿಂಟಲ್ ಲೆಕ್ಕದಲ್ಲಿ ಬೇಕು.

ಇನ್ನು ತಿದ್ದುಪಡಿಯ ವಿಷಯ. ಇದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. 2024ರ ನವೆಂಬರ್‌ನ ಚಿನ್ನದ ಆಮದು ಸುಮಾರು 1,480 ಕೋಟಿ ಡಾಲರ್ ಎಂದು ಡಿಸೆಂಬರ್ ನಡುವಿನಲ್ಲಿ ಪ್ರಕಟವಾಯಿತು. ದೇಶದ ವ್ಯಾಪಾರ ಕೊರತೆ ಹಿಂದೆಂದೂ ಇಲ್ಲದಷ್ಟು ಏರಿತು ಎಂದು ಸುದ್ದಿಯಾಯಿತು. ರೂಪಾಯಿ ಇನ್ನಷ್ಟು ಇಳಿಯಿತು. ಜನವರಿಯಲ್ಲಿ ನೋಡಿದರೆ ಅದೇ ಅಂಕಿ ಸುಮಾರು 984 ಕೋಟಿ ಡಾಲರ್ ಆಗಿತ್ತು. ವಿಶೇಷ ಆರ್ಥಿಕ ವಲಯಗಳ ಮಾಹಿತಿಯನ್ನು ಒಂದು ಕಂಪ್ಯೂಟರ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಒಂದೇ ಚಿನ್ನವನ್ನು ಎರಡು ಸಲ ಎಣಿಸಲಾಗಿತ್ತು. ತಪ್ಪು ಯಾರಿಗೂ ಆಗಬಹುದು, ತಿದ್ದಿದ್ದು ಸರಿಯೇ. ಆದರೆ ಮೊದಲ ಅಂಕಿ ಎಷ್ಟು ದೊಡ್ಡದಾಗಿ ಜನರ ಮುಂದೆ ಬಂತೋ ತಿದ್ದಿದ ಅಂಕಿಯೂ ಅಷ್ಟೇ ದೊಡ್ಡದಾಗಿ, ಕಾರಣ ಸಮೇತ ಬರಬೇಕಿತ್ತು. ಸುಮಾರು 500 ಕೋಟಿ ಡಾಲರ್‌ನ ವ್ಯತ್ಯಾಸ ಅದು. ಚಿನ್ನ ಆದ್ದರಿಂದ ಎಲ್ಲರ ಕಣ್ಣಿಗೆ ಬಿತ್ತು. ರೇಷ್ಮೆಯಂಥ ಸಣ್ಣ ಸಾಲಿನಲ್ಲಿ ಇಂಥದ್ದು ಆದರೆ ಗಮನಿಸುವವರು ಯಾರು?

ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಅಲ್ಲಿನ ರಫ್ತಿನ ಬಹುಪಾಲು ಸಿದ್ಧ ಉಡುಪು. 2024ರ ಜುಲೈನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಲೆಕ್ಕ ಸರಿಮಾಡಿದಾಗ, ಹತ್ತು ತಿಂಗಳ ರಫ್ತನ್ನು 1,000 ಕೋಟಿ ಡಾಲರ್‌ಗೂ ಜಾಸ್ತಿ ಹಿಗ್ಗಿಸಿ ತೋರಿಸಲಾಗಿತ್ತು ಎಂದು ಹೊರಬಿತ್ತು. ಅಲ್ಲೂ ಒಂದೇ ಸರಕನ್ನು ಹಲವು ಸಲ ಎಣಿಸಿದ್ದರು. ತಪ್ಪು ಅಂಕಿಯ ಮೇಲೆ ದೇಶದ ಆದಾಯದ ಲೆಕ್ಕ, ಸಾಲದ ಲೆಕ್ಕ ಎಲ್ಲ ಕಟ್ಟಿಯಾಗಿತ್ತು. ನಮಗೆ ಆ ಗತಿ ಬರಬಾರದು.

ನನ್ನ ಮಾತಿಗೆ ಬರಬಹುದಾದ ಎರಡು ಆಕ್ಷೇಪ ನನಗೆ ಗೊತ್ತಿವೆ.

ಒಂದು, ವ್ಯಾಪಾರಿಗಳ ಗುಟ್ಟು. 2022ರಲ್ಲಿ ಕಸ್ಟಮ್ಸ್ ಕಾಯ್ದೆಗೆ 135ಎಎ ಕಲಂ ಸೇರಿಸಿದಿರಿ. ಯಾವುದೇ ಆಮದುದಾರನ ಅಥವಾ ರಫ್ತುದಾರನ ಬೆಲೆ, ತೂಕದ ವಿವರವನ್ನು ಬಹಿರಂಗ ಮಾಡಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 50,000 ರೂಪಾಯಿವರೆಗೆ ದಂಡ. ನಾನು ಯಾರ ಹೆಸರನ್ನೂ ಕೇಳುತ್ತಿಲ್ಲ. ಒಂದು ವಾರದಲ್ಲಿ ಎಲ್ಲ ಬಂದರು ಸೇರಿ ಎಷ್ಟು ಕಿಲೋ ಕಚ್ಚಾ ರೇಷ್ಮೆಗೆ ನೋಂದಣಿ ಆಯಿತು, ಯಾವ ದರ್ಜೆ, ಸರಾಸರಿ ಕಿಲೋ ಬೆಲೆ ಎಷ್ಟು, ಅಷ್ಟೇ ಸಾಕು. ಇದರಿಂದ ಯಾರ ಗುಟ್ಟೂ ರಟ್ಟಾಗುವುದಿಲ್ಲ.

ಎರಡನೆಯದು ನೇಕಾರರ ಮಾತು. ಇದನ್ನು ನಾನು ಗೌರವದಿಂದ ಕೇಳುತ್ತೇನೆ. ಕಂಚಿ, ಧರ್ಮಾವರಂ, ವಾರಾಣಸಿ, ನಮ್ಮದೇ ದೊಡ್ಡಬಳ್ಳಾಪುರದ ಮಗ್ಗದವರಿಗೆ ಹಾಸಿನ ನೂಲು ಸಮನಾಗಿ, ಕೈಗೆಟುಕುವ ಬೆಲೆಗೆ ಬೇಕು. ಅಂಥ ನೂಲು ಕೊಡುವ ನಮ್ಮ ಬೈವೋಲ್ಟಿನ್ ತಳಿಯ ಗೂಡು ಅಷ್ಟು ಸಿಗುತ್ತಿಲ್ಲ. 2023-24ರಲ್ಲಿ ದೇಶದ ಕಚ್ಚಾ ರೇಷ್ಮೆ ಉತ್ಪಾದನೆ 38,913 ಟನ್. ಅದರಲ್ಲಿ ಕರ್ನಾಟಕದ್ದು 12,463 ಟನ್, ಸುಮಾರು ಮೂರರಲ್ಲಿ ಒಂದು ಪಾಲು. ಇದರಲ್ಲಿ ಹಾಸಿಗೆ ಆಗುವ ನೂಲು ಕಡಿಮೆ. ಹಾಗಾಗಿ ಸುಂಕ ಏರಿಸಿ ಎಂದು ನಾನು ಈ ಪತ್ರದಲ್ಲಿ ಕೇಳುತ್ತಿಲ್ಲ. ದರ್ಜೆವಾರು ಅಂಕಿ ಇದ್ದರೆ ನೇಕಾರನಿಗೆ ಯಾವ ನೂಲಿನ ಕೊರತೆ ನಿಜವಾಗಿ ಇದೆ, ಯಾವ ನೂಲು ಸುಮ್ನೆ ಅಗ್ಗ ಎಂದು ಬರುತ್ತಿದೆ ಎನ್ನುವುದು ಗೊತ್ತಾಗುತ್ತದೆ. ಆಗ ರೈತ, ರೀಲರ್, ನೇಕಾರ ಮೂವರೂ ಒಂದೇ ಮೇಜಿನ ಮುಂದೆ ಕೂತು ಮಾತಾಡಬಹುದು. ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಂದಾಜು ಇದೆ. ಮಾತು ಜಗಳಕ್ಕೆ ತಿರುಗುತ್ತದೆ.

ನಿಮ್ಮ ಕೆಲಸದಲ್ಲಿ ಒಳ್ಳೆಯದೂ ಆಗಿದೆ, ಹೇಳದೆ ಬಿಡಬಾರದು. 2020ರ ಫೆಬ್ರವರಿಯಿಂದ ಶಿಪ್ಪಿಂಗ್ ಬಿಲ್‌ನಲ್ಲಿ ಸರಕು ಯಾವ ರಾಜ್ಯದ್ದು, ಯಾವ ಜಿಲ್ಲೆಯದ್ದು ಎಂದು ಬರೆಯುವುದು ಕಡ್ಡಾಯವಾಯಿತು. ಬೆಂಗಳೂರಿನ ಬೊಮ್ಮನಹಳ್ಳಿ, ಪೀಣ್ಯದಲ್ಲಿ ಹೊಲಿದ ಅಂಗಿ ಚೆನ್ನೈ ಬಂದರಿನಿಂದ ಹೋದರೂ ಅದು ಇಲ್ಲಿಯದೇ ಎಂದು ಈಗ ಲೆಕ್ಕಕ್ಕೆ ಸಿಗುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಎರಡು ಕಂತಿನಲ್ಲಿ 50%ಕ್ಕೆ ಏರಿಸಿದಾಗ, ಯಾವ ಜಿಲ್ಲೆಯ ಎಷ್ಟು ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂದು ನೋಡಲು ಇದೇ ಅಂಕಿ ಆಧಾರ. ರಫ್ತಿಗೆ ಜಿಲ್ಲೆಯ ಮಟ್ಟಕ್ಕೆ ಇಳಿದು ಎಣಿಸಲು ಆಗುತ್ತದೆ ಎಂದಮೇಲೆ ಆಮದಿಗೆ ಒಂದು ದರ್ಜೆಯ ಕಾಲಂ ಸೇರಿಸಲು ಏಕೆ ಆಗಬಾರದು?

ಹಾಗಾಗಿ ಸ್ಪಷ್ಟವಾಗಿ ಕೇಳುತ್ತಿದ್ದೇನೆ. ಉಕ್ಕಿಗೆ ಇರುವಂಥ ಮುಂಗಡ ನೋಂದಣಿಯನ್ನು 5002ರ ಕಚ್ಚಾ ರೇಷ್ಮೆಗೂ 5004ರ ಹುರಿ ಮಾಡಿದ ರೇಷ್ಮೆ ನೂಲಿಗೂ ತನ್ನಿ. ಮುಂದಿನ ಬಜೆಟ್‌ನಲ್ಲಿ ಸುಂಕದ ಪಟ್ಟಿ ತಿದ್ದುವಾಗ ಕೋಡ್‌ನಲ್ಲಿ ದರ್ಜೆ ಬೇರ್ಪಡಿಸಿ. ಸುಂಕ ಕಟ್ಟಿ ಬಂದದ್ದು, ಸುಂಕವಿಲ್ಲದೆ ಬಂದದ್ದು ಎರಡನ್ನೂ ಬೇರೆ ಬೇರೆ ತೋರಿಸಿ. ಒಮ್ಮೆ ಕೊಟ್ಟ ಅಂಕಿ ಬದಲಾದರೆ ಹಳೆಯದನ್ನು ಅಳಿಸದೆ, ಪಕ್ಕದಲ್ಲೇ ಹೊಸದನ್ನೂ ಕಾರಣವನ್ನೂ ಬರೆಯಿರಿ.

ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಲ್ಲಿ ಈಗ ಇ-ಹರಾಜಿನ ಪರದೆಗಳಿವೆ. ಕೋಲ್ಕತ್ತದಿಂದ ವಾರಕ್ಕೊಮ್ಮೆ ಮಂಡಳಿಗೆ ಒಂದು ಸಾಲು ಬಂದರೆ ಸಾಕು. ಅದನ್ನು ಕನ್ನಡದಲ್ಲಿ, ಕಿಲೋ ಮತ್ತು ರೂಪಾಯಿಯಲ್ಲಿ, ಹರಾಜು ಶುರುವಾಗುವ ಮುಂಚೆ ಆ ಪರದೆಗಳ ಮೇಲೆ ಹಾಕಬಹುದು. ಆ ಕನ್ನಡದ ಪಟ್ಟಿ ಹೇಗಿರಬೇಕು, ಯಾವ ಕಾಲಂ ಮೊದಲು ಬರಬೇಕು ಎಂದು ಕೂತು ಮಾತಾಡಲು ನಮ್ಮ ಊರಿನ ರೀಲರ್‌ಗಳೂ ಬೆಳೆಗಾರರೂ ಸಿದ್ಧರಿದ್ದಾರೆ. ನೀವು ದಿನ ಗೊತ್ತು ಮಾಡಿ. ಬೆಂಗಳೂರಿಗೆ ಕರೆದರೆ ನಾವೇ ಬರುತ್ತೇವೆ. ಶಿಡ್ಲಘಟ್ಟಕ್ಕೆ ನೀವೇ ಬಂದರೆ ಬೆಳಗಿನ ಹರಾಜಿನ ಹೊತ್ತಿಗೇ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಶಿಡ್ಲಘಟ್ಟದ ಒಬ್ಬ ರೀಲಿಂಗ್ ಕುಟುಂಬದವನು